ಅಜ್ಜಯ್ಯನ ಕಡಲಿನೊಂದಿಗೆ ಹದಿನಾಲ್ಕು ತಿಂಗಳು

ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿದಂತೆ ಐದು ನದಿಗಳು ಒಟ್ಟುಗೂಡಿ ಕಡಲಿಗೆ ಇಳಿಯುತ್ತವೆ. ನದಿಯ ನೀರು ಹೊರಕ್ಕೂ ಕಡಲಿನ ಅಲೆ ಒಳಕ್ಕೂ ನುಗ್ಗುವ ಆ ಬಾಯಿಯನ್ನು ನಮ್ಮ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. 71 ವರ್ಷದ ಒಬ್ಬ ಮೀನುಗಾರರು ತಮ್ಮ ನಾಡದೋಣಿಯಲ್ಲಿ ಆ ಅಳಿವೆಯನ್ನು ದಾಟಿ ಹೋಗಿ, ಬಲೆ ಬಿಟ್ಟು, ಸಿಕ್ಕಿದ್ದನ್ನು ಹಿಡಿದುಕೊಂಡು ಮರಳಿ ಬರುವ ಬದುಕನ್ನು ಸಾಕ್ಷ್ಯಚಿತ್ರವಾಗಿ ಮಾಡಬೇಕೆಂದು 2022ರ ಆಗಸ್ಟ್‌ನಿಂದ 2023ರ ಅಕ್ಟೋಬರ್‌ವರೆಗೆ ನಾನು, ಎರಡನೆಯ ಕ್ಯಾಮೆರಾದ ಗೆಳೆಯ, ಧ್ವನಿ ನೋಡಿಕೊಳ್ಳುವ ಹುಡುಗಿ, ಹೀಗೆ ನಾವು ಮೂವರು ಅವರ ಬೆನ್ನು ಹತ್ತಿದೆವು. ಚಿತ್ರಿಸಿದ್ದು 46 ಗಂಟೆ. ಉಳಿದದ್ದು 39 ನಿಮಿಷ. ಈ ನಡುವೆ ಏನಾಯಿತು, ಏನನ್ನು ಬಿಟ್ಟೆವು, ಯಾವುದನ್ನು ತಪ್ಪಾಗಿ ಸೇರಿಸಿ ಮತ್ತೆ ಕಿತ್ತು ಹಾಕಿದೆವು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ಕುಂದಾಪುರದ ಕಡೆಯವನೇ ಆದರೂ ಘಟ್ಟದ ಬುಡದವನು. ಮನೆಯ ಮಾತು ಕುಂದಗನ್ನಡ. ಕಡಲೆಂದರೆ ಮರವಂತೆಯನ್ನು ದಾಟುವಾಗ ಬಸ್ಸಿನ ಕಿಟಕಿಯಲ್ಲಿ ಕಾಣಿಸಿ ಮರೆಯಾಗುವ ನೀಲಿ, ಅಷ್ಟೇ. ಮದುವೆ, ಗೃಹಪ್ರವೇಶ, ಯಕ್ಷಗಾನಗಳ ವಿಡಿಯೊ ತೆಗೆದು ಬದುಕುತ್ತಿದ್ದ ನನಗೆ ಕಡಲಿನ ಒಂದು ಮಾತು ಮಾತ್ರ ಚಿಕ್ಕಂದಿನಿಂದ ಗೊತ್ತಿತ್ತು. ನಮ್ಮ ಅಂಗಳಕ್ಕೆ ಹೆಡಿಗೆ ಹೊತ್ತು ಮೀನು ಮಾರಲು ಬರುತ್ತಿದ್ದ ಹೆಂಗಸೊಬ್ಬರು ಕೆಲವು ದಿನ ಖಾಲಿ ಕೈಯಲ್ಲಿ, ಹಳೆಯ ಬಾಕಿ ಕೇಳುವುದಕ್ಕಷ್ಟೇ ಬಂದು, "ಇವತ್ತ್ ಅಳಿವಿ ಬಿಡ್ಲಿಲ್ಲೆ" ಎನ್ನುತ್ತಿದ್ದರು. ಅಳಿವೆ ಬಿಡುವುದು ಎಂದರೇನೆಂದು ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಮೀನು ಮಾರುತ್ತಿದ್ದ ಆ ಅಮ್ಮಮ್ಮನನ್ನು ಹುಡುಕಿಕೊಂಡು ಗಂಗೊಳ್ಳಿಯ ಕಡೆ ಹೋದಾಗ, ಅಂಗಳದಲ್ಲಿ ಬಲೆ ಸರಿಪಡಿಸುತ್ತ ಕುಳಿತಿದ್ದ ಅವರ ಗಂಡನನ್ನು ಕಂಡೆ. ಊರಿಗೆಲ್ಲ ಅವರು ಅಜ್ಜಯ್ಯ. ನಮಗೂ ಹಾಗೆಯೇ ಆದರು.

ಕೆಲಸ ಶುರು ಮಾಡುವ ಮೊದಲು ನಾವು ಮೂವರೂ ಕೂತು ಮುದುಕ ಮೀನುಗಾರನೊಬ್ಬನ ಪ್ರಸಿದ್ಧ ಕಥೆಯನ್ನು ಆಧರಿಸಿ 1958ರಲ್ಲಿ ಅಮೆರಿಕದಲ್ಲಿ ತಯಾರಾದ ಚಿತ್ರವನ್ನು ನೋಡಿದೆವು. ಸ್ಪೆನ್ಸರ್ ಟ್ರೇಸಿ ಮುದುಕನಾಗಿ ನಟಿಸಿದ, ಜಾನ್ ಸ್ಟರ್ಜಸ್ ನಿರ್ದೇಶಿಸಿದ ಚಿತ್ರವದು. ಅದರಲ್ಲಿ ದೊಡ್ಡ ಮಾರ್ಲಿನ್ ಮೀನು ನೀರಿನಿಂದ ಹಾರುವ ನೋಟಗಳನ್ನು ಪೆರು ದೇಶದ ಕಡಲಿನಲ್ಲಿ ನಿಜವಾಗಿಯೂ ಚಿತ್ರಿಸಿದ್ದರು. ಮುದುಕ ದೋಣಿಯಲ್ಲಿ ಕುಳಿತು ಸೆಣಸುವ ಹೆಚ್ಚಿನ ಭಾಗವನ್ನು ಮಾತ್ರ ಸ್ಟುಡಿಯೊದ ನೀರಿನ ತೊಟ್ಟಿಯಲ್ಲಿ ತೆಗೆದರು. ಟ್ರೇಸಿಯ ಮುಖದಲ್ಲಿ ದಣಿವು ಸುಳ್ಳಲ್ಲ, ಆದರೆ ಒಂದು ನೋಟದಿಂದ ಮತ್ತೊಂದಕ್ಕೆ ಹೋಗುವಾಗ ನೀರು ಬದಲಾಗುತ್ತದೆ. ಒಂದರಲ್ಲಿ ಆಳವಿದೆ, ಇನ್ನೊಂದರಲ್ಲಿ ಇಲ್ಲ. ಕಡಲನ್ನು ಅರಿಯದ ನನ್ನ ಕಣ್ಣಿಗೂ ಆ ಬೆಸುಗೆ ಕಂಡಿತು. ನಮ್ಮ ಚಿತ್ರದಲ್ಲಿ ಹಾಗೆ ಆಗಬಾರದು, ಎಲ್ಲವನ್ನೂ ಇದ್ದಲ್ಲಿಯೇ ಇದ್ದಂತೆಯೇ ತೆಗೆಯೋಣ ಎಂದು ಅಂದೇ ತೀರ್ಮಾನಿಸಿದೆವು. ಆ ತೀರ್ಮಾನಕ್ಕೆ ನಾವೇ ತಪ್ಪಿ ನಡೆದದ್ದನ್ನು ಮುಂದೆ ಹೇಳುತ್ತೇನೆ.

ಮೊದಲ ಒಂದೂವರೆ ತಿಂಗಳು ಕ್ಯಾಮೆರಾವನ್ನು ಹೊರಗೆ ತೆಗೆಯಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಆ 61 ದಿನಗಳಲ್ಲಿ ಅವಕಾಶ. ಆಗಸ್ಟಿನಲ್ಲಿ ದೊಡ್ಡ ಬೋಟುಗಳು ಹೊರಟ ಮೇಲೆ ನಾಡದೋಣಿಯವರ ಪಾಲಿಗೆ ತೀರದ ಹತ್ತಿರದ ನೀರಷ್ಟೇ ಉಳಿಯುತ್ತದೆ. ನಾವು ಹೋದದ್ದು ಆ ಹೊತ್ತಿಗೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವಾಗ ದೂರದಲ್ಲಿ ನಿಂತು ನೋಡಿದೆವು. ಮೀನುಗಾರರ ದೈವ ಬೊಬ್ಬರ್ಯನ ಗುಡಿಯಲ್ಲಿ ಕೈಮುಗಿದು, ಕಡಲಿಗೆ ಹೋಗುತ್ತೇವೆಂದು ಹೇಳಿ ಬಂದೆವು. ಕರಾವಳಿ ಕಾವಲು ಪೊಲೀಸರಿಗೆ ಹೆಸರು, ವಿಳಾಸ, ದೋಣಿಯ ನೋಂದಣಿ ಸಂಖ್ಯೆ ಬರೆದುಕೊಟ್ಟು, ಮೂರು ಜೀವರಕ್ಷಕ ಅಂಗಿಗಳನ್ನು ಕೊಂಡೆವು. ಅಜ್ಜಯ್ಯ ಇದನ್ನೆಲ್ಲ ನೋಡುತ್ತಿದ್ದು ಒಂದು ಸಂಜೆ ಕೇಳಿದರು: "ಹ್ವಾಯ್, ನನ್ನ್ ತೆಗ್ದ್ ಎಂತ ಮಾಡ್ತ್ರಿ? ಕಡ್ಲ್ ತೆಗೀನಿ."

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರು ಒಪ್ಪಿದರು, ಆದರೆ ಷರತ್ತು ಹಾಕಿದರು. ದೋಣಿ ಹತ್ತಿದ ಮೇಲೆ ಅವರು ಹೇಳಿದ್ದೇ ಮಾತು. ಅಳಿವೆ ದಾಟುವಾಗ ಯಾರ ಕೈಯಲ್ಲೂ ಏನೂ ಇರಕೂಡದು, ಎರಡೂ ಕೈಯಲ್ಲಿ ದೋಣಿಯ ಅಡ್ಡಹಲಗೆಯನ್ನು ಹಿಡಿದು ತಗ್ಗಿ ಕೂರಬೇಕು. ಮತ್ತೆ, ಏನು ತೆಗೆದರೂ ಊರಿಗೆ ತೋರಿಸುವ ಮೊದಲು ತಮಗೆ ತೋರಿಸಬೇಕು. ಎರಡನೆಯದನ್ನು ಕೇಳಿ ನನ್ನ ಮುಖ ಸಣ್ಣಗಾಯಿತು. ಚಿತ್ರದ ಜೀವವೇ ಅಳಿವೆ ದಾಟುವ ದೃಶ್ಯವೆಂದು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೂರನೆಯದನ್ನು ಅಷ್ಟಾಗಿ ಗಮನಿಸಲಿಲ್ಲ.

ಕಡಲಿನ ಮೇಲೆ ಮೊದಲು ಸೋತದ್ದು ನಮ್ಮ ಸಲಕರಣೆ. ಮದುವೆಮನೆಗಳಲ್ಲಿ ನನಗೆ ಅನ್ನ ಕೊಟ್ಟಿದ್ದ ಗಿಂಬಲ್‌ಗೆ ಕ್ಯಾಮೆರಾ ಸಿಕ್ಕಿಸಿ ಮೊದಲ ನಾಲ್ಕು ದಿನ ಚಿತ್ರಿಸಿದೆ. ನಾನು ವಾಂತಿ ಮಾಡಿಕೊಂಡು, ಹೊಟ್ಟೆಯಲ್ಲಿ ನೀರೂ ನಿಲ್ಲದೆ, ಕಣ್ಣು ಕತ್ತಲೆ ಬರುವ ಹಾಗೆ ದೋಣಿ ಎದ್ದುಬಿದ್ದ ದಿನಗಳವು. ರಾತ್ರಿ ಮನೆಯಲ್ಲಿ ಕೂತು ನೋಡಿದರೆ ಪರದೆಯ ಮೇಲೆ ಕೆರೆಯಂಥ ಕಡಲು. ಕೈಯ ನಡುಕವನ್ನು ಅಳಿಸಲು ಮಾಡಿದ ಆ ಉಪಕರಣ ದೋಣಿಯ ಕುಲುಕಾಟವನ್ನೂ ಅಳಿಸಿಹಾಕಿತ್ತು. ವೈಡ್ ಲೆನ್ಸ್ ಉಳಿದ ಕೆಡುಕನ್ನೂ ಮಾಡಿತ್ತು. ತಲೆಯ ಮೇಲಿನಿಂದ ಬಂದ ಅಲೆ ಅದರಲ್ಲಿ ಗದ್ದೆಯ ಬದುವಿನಷ್ಟು ಕಾಣುತ್ತಿತ್ತು. ಐದನೆಯ ದಿನದಿಂದ ಗಿಂಬಲ್ ಮನೆಯಲ್ಲಿ ಉಳಿಯಿತು. ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ದೋಣಿಯ ಪಕ್ಕಕ್ಕೆ ಆನಿಸಿ, ದೋಣಿ ಹೇಗೆ ಹೋಗುತ್ತದೋ ಹಾಗೆ ಮೈಯನ್ನು ಬಿಟ್ಟೆ. ಆಗ ದಿಗಂತ ಓಲಾಡಿತು, ಅಲೆಗೆ ಎತ್ತರ ಬಂತು, ಅಜ್ಜಯ್ಯನ ಕಾಲುಗಳು ದೋಣಿಯ ತಳಕ್ಕೆ ಬೇರು ಬಿಟ್ಟಂತೆ ನಿಂತಿರುವುದು ಮೊದಲ ಬಾರಿಗೆ ಕಂಡಿತು. ನೋಡುವವರಿಗೆ ತಲೆಸುತ್ತು ಬರಬಹುದೆಂದು ಗೆಳೆಯ ಹೇಳಿದ. ಸ್ವಲ್ಪ ಬರಲಿ ಎಂದೆ.

ಉಪ್ಪಿನ ಕಾಟ ಬೇರೆಯೇ ಒಂದು ಅಧ್ಯಾಯ. ಪ್ರತಿ ಸಂಜೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈಯೆಲ್ಲ ಒರೆಸಿ, ಒಣಗಿಸಿ, ಸಿಲಿಕಾ ಪೊಟ್ಟಣಗಳಿದ್ದ ಡಬ್ಬಿಯಲ್ಲಿ ಇಡುತ್ತಿದ್ದೆವು. ಆದರೂ ಒಂದು ಲೆನ್ಸಿನ ಉಂಗುರ ಎರಡೇ ತಿಂಗಳಲ್ಲಿ ಮರಳು ತಿಂದಂತೆ ಕರಕರ ಎನ್ನತೊಡಗಿ, ಕೊನೆಗೆ ತಿರುಗದೇ ಹೋಯಿತು. ಎಂಜಿನ್ ಓಡುವಾಗ ಮಾತು ಕೇಳಿಸದು, ನಿಲ್ಲಿಸಿದರೆ ಗಾಳಿ ಮೈಕನ್ನು ನುಂಗುತ್ತದೆ. ಧ್ವನಿಯ ಹೊಣೆ ಹೊತ್ತಿದ್ದ ಹುಡುಗಿ ಹಲವು ಪ್ರಯೋಗಗಳ ನಂತರ, ತುಪ್ಪಟದ ಹೊದಿಕೆಯಿದ್ದ ಸಣ್ಣ ಮೈಕನ್ನು ಅಜ್ಜಯ್ಯನ ಅಂಗಿಯ ಒಳಬದಿಗೆ, ಎದೆಯ ನೇರಕ್ಕೆ ಹೊಲಿದು, ರೆಕಾರ್ಡರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅವರ ಸೊಂಟಕ್ಕೆ ಸಿಕ್ಕಿಸಿದಳು. ಬೆಳಗಿನ ಜಾವ ದಡದಲ್ಲಿ ಅದನ್ನು ಚಾಲೂ ಮಾಡಿದರೆ, ಮರಳಿ ಬಂದು ದೋಣಿಯನ್ನು ಎಳೆದು ಹಾಕುವವರೆಗೆ ಅದು ತನ್ನ ಪಾಡಿಗೆ ಕೇಳಿಸಿಕೊಳ್ಳುತ್ತಲೇ ಇರುತ್ತಿತ್ತು. ಇಡೀ ಚಿತ್ರವನ್ನು ಉಳಿಸಿದ್ದು ಆ ಹೊಲಿಗೆ.

ಸೆಪ್ಟೆಂಬರಿನ ಕೊನೆಯ ವಾರದ ಒಂದು ದಿನ. ಮಳೆ ಹಿಂದೆ ಸರಿದಿದ್ದರೂ ನದಿ ಇನ್ನೂ ಕೆಂಪಗೆ ತುಂಬಿ ಹರಿಯುತ್ತಿತ್ತು. ಇಳಿತದ ಹೊತ್ತಿನಲ್ಲಿ ಹೊರಹೋಗುವ ನೀರು ಬರುವ ಅಲೆಗೆ ಎದುರಾಗಿ ಗುದ್ದುವುದರಿಂದ ಅಳಿವೆಯ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಮೇಲೊಂದು ಏಳುತ್ತವೆ. ಅದಕ್ಕಾಗಿ ಉಬ್ಬರ ತುಂಬಿ ನೀರು ನಿಲ್ಲುವ ಗಳಿಗೆಯನ್ನು ಕಾಯಬೇಕು. ಅಳಿವೆಯ ಎರಡೂ ಬದಿಗೆ ಈಗ ಕಲ್ಲಿನ ತಡೆಗೋಡೆಗಳಿವೆ. ಅವು ಬಂದ ಮೇಲೂ ಮರಳದಿನ್ನೆ ಜಾಗ ಬದಲಿಸುತ್ತಲೇ ಇರುತ್ತದೆಂದೂ, ಹಿಂದಿನ ವಾರದ ದಾರಿಯನ್ನು ಈ ವಾರ ನಂಬುವಂತಿಲ್ಲವೆಂದೂ ಅಜ್ಜಯ್ಯ ಹೇಳುತ್ತಿದ್ದರು. ಅಂದು ಬೆಳಗ್ಗೆ ಐದೂವರೆಗೆ ನಾವು ಅಳಿವೆಯ ಒಳಬದಿಯಲ್ಲಿ ಎಂಜಿನ್ ಸಣ್ಣಗೆ ಮಾಡಿ ನಿಂತೆವು. ಅಜ್ಜಯ್ಯ ಎಂಜಿನ್ನಿನ ಹಿಡಿಯ ಹತ್ತಿರ, ಅವರ ಅಳಿಯ ಮುಂದುಗಡೆ, ನಾನು ನಡುವೆ. ಗೆಳೆಯ ಎರಡನೆಯ ಕ್ಯಾಮೆರಾದೊಂದಿಗೆ ತಡೆಗೋಡೆಯ ತುದಿಯಲ್ಲಿದ್ದ. ದೋಣಿ ಹೊರಡುವ ಒಂದು ಸಾದಾ ನೋಟ ಬೇಕೆಂದು ಅವನನ್ನು ಕಳಿಸಿದ್ದೆ. ನನ್ನ ಕ್ಯಾಮೆರಾ ನೀರು ಹೋಗದ ಚೀಲದಲ್ಲಿ, ಚೀಲ ನನ್ನ ಕಾಲುಗಳ ನಡುವೆ, ನನ್ನ ಎರಡೂ ಕೈ ಅಡ್ಡಹಲಗೆಯ ಮೇಲೆ.

ಹತ್ತು ನಿಮಿಷ ಅಜ್ಜಯ್ಯ ಅಲುಗಲಿಲ್ಲ. ಅವರು ನೋಡುತ್ತಿದ್ದದ್ದು ಹತ್ತಿರದ ಅಲೆಯನ್ನಲ್ಲ, ಅದರ ಹಿಂದಿನದರ ಹಿಂದಿನದನ್ನು. ಕಡಲಿನ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡವು ಕೆಲವು ಬಂದು ಒಡೆದ ಮೇಲೆ ಸ್ವಲ್ಪ ಹೊತ್ತು ನೀರು ಸಮವಾಗುತ್ತದೆ, ಆ ಸಂದಿಯಲ್ಲಿ ನುಗ್ಗಬೇಕು. ಮೊದಲೇ ನುಗ್ಗಿದರೆ ಅಲೆಯ ಬಾಯಿಗೆ, ತಡವಾದರೆ ಮುಂದಿನ ಗುಂಪಿನ ಬಾಯಿಗೆ. ಎಂಜಿನ್ ಒಮ್ಮೆಲೇ ಅರಚಿತು. ಮುಂದಿನದನ್ನು ನಾನು ಕಣ್ಣಿನಿಂದ ನೋಡಲಿಲ್ಲ. ತಲೆ ತಗ್ಗಿತ್ತು, ದೋಣಿಯ ಮೂತಿ ಆಕಾಶಕ್ಕೆ ಎದ್ದಿತು, ಬೆನ್ನಿನ ಮೇಲೆ ನೀರು ಸುರಿಯಿತು, ದೋಣಿ ತಳ ಕಳಚಿದಂತೆ ಕೆಳಕ್ಕೆ ಬಿತ್ತು, ಮತ್ತೆ ಎದ್ದಿತು. ಕಣ್ಣು ಬಿಟ್ಟಾಗ ನಾವು ಹೊರಗಿದ್ದೆವು. ಕಡಲು ಉದ್ದುದ್ದವಾಗಿ, ಮೆಲ್ಲಗೆ ಉಸಿರಾಡುತ್ತಿತ್ತು. ಅಜ್ಜಯ್ಯ ಒಂದು ಕೈಯಲ್ಲಿ ಡಬ್ಬಿ ಹಿಡಿದು ದೋಣಿಯ ನೀರನ್ನು ಹೊರಕ್ಕೆ ಚೆಲ್ಲುತ್ತಿದ್ದರು. ನನ್ನ ಕೈಬೆರಳುಗಳನ್ನು ಹಲಗೆಯಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಹೊರಗೆ ಹೋದ ಮೇಲಿನ ಕೆಲಸ ನಿಧಾನದ್ದು. ಕೋಡಿಯ ದೀಪಸ್ತಂಭವನ್ನು ಒಂದು ತೆಂಗಿನ ತೋಪಿನ ತುದಿಗೆ ಹೊಂದಿಸಿ ಒಂದು ಗೆರೆ, ಕೊಡಚಾದ್ರಿಯನ್ನು ಮುಂದಿನ ಗುಡ್ಡವೊಂದರ ತಗ್ಗಿಗೆ ಹೊಂದಿಸಿ ಇನ್ನೊಂದು ಗೆರೆ. ಎರಡು ಗೆರೆ ಕೂಡಿದಲ್ಲಿ ಅವರ ಜಾಗ. ಅಳಿಯನ ಮೊಬೈಲಿನಲ್ಲಿ ಜಿಪಿಎಸ್ ಇತ್ತು. ಇಬ್ಬರೂ ತಂತಮ್ಮ ಲೆಕ್ಕದಲ್ಲಿ ಅದೇ ಜಾಗಕ್ಕೆ ಬರುತ್ತಿದ್ದರು. ಮೀನಿನ ಕಿವಿರು ಸಿಕ್ಕಿಬೀಳುವ ಕಂತುಬಲೆಯನ್ನು ಬಿಡುವಾಗ ಬೆಂಡು, ಸೀಸದ ಗುಂಡು, ಬೆಂಡು, ಗುಂಡು ಎಂದು ಒಂದೇ ತಾಳದಲ್ಲಿ ದೋಣಿಯ ಅಂಚಿನಿಂದ ಜಾರುತ್ತವೆ. ಎಳೆಯುವಾಗ ಆ ತಾಳ ಇರದು. ಅಜ್ಜಯ್ಯನ ಬಲಗೈಯ ತೋರುಬೆರಳಿನ ಒಳಮೈಯಲ್ಲಿ, ಎರಡನೆಯ ಗೆಣ್ಣಿನ ಹತ್ತಿರ, ಹಗ್ಗ ಹರಿದು ಹರಿದು ಬಿದ್ದ ಒಂದು ಹಳ್ಳವಿದೆ. ಬಲೆಯ ಮೇಲುಹಗ್ಗ ತಾನಾಗಿ ಆ ಹಳ್ಳದಲ್ಲಿ ಕೂರುತ್ತದೆ. ಹಗ್ಗಕ್ಕೂ ಬೆರಳಿಗೂ ನಡುವೆ ನೀರು ಹಿಂಡಿ ಮಣಿಕಟ್ಟಿನವರೆಗೆ ಇಳಿಯುತ್ತದೆ. ಮೀನು ಕಂಡಾಗ ಎಡಗೈಯ ಹೆಬ್ಬೆರಳು ಅದರ ಕಿವಿರಿನ ಅಡಿಗೆ ಹೋಗಿ, ನೂಲನ್ನು ಒಮ್ಮೆ ಹಿಂದಕ್ಕೆ ತಳ್ಳಿ, ಮೀನನ್ನು ತಲೆಯ ಕಡೆಯಿಂದಲೇ ಬಿಡಿಸುತ್ತದೆ. ಈ ಒಂದು ಕೆಲಸವನ್ನು ನಾನು ಮೂರು ಗಂಟೆಗೂ ಹೆಚ್ಚು ಚಿತ್ರಿಸಿದ್ದೇನೆ. ಚಿತ್ರದಲ್ಲಿ ಉಳಿದಿರುವುದು ಎರಡು ನಿಮಿಷ, ಅದನ್ನು ಇನ್ನೂ ಉದ್ದವಾಗಿ ಇಡಬೇಕಿತ್ತೆಂದು ಇಂದಿಗೂ ಅನ್ನಿಸುತ್ತದೆ.

ದೋಣಿಯಲ್ಲಿ ಅಜ್ಜಯ್ಯ ಕಡಲಿನ ಅಬ್ಬರದ ಬಗ್ಗೆ ಮಾತನಾಡಿದ್ದು ಕಡಿಮೆ. ಹೆಚ್ಚಾಗಿ ಮಾತನಾಡುತ್ತಿದ್ದದ್ದು ಎಂಜಿನ್ನಿಗೆ ಹಾಕುವ ಸೀಮೆಎಣ್ಣೆಯ ಬಗ್ಗೆ, ಅದು ಸಮಯಕ್ಕೆ ಸಿಗದ ಬಗ್ಗೆ, ರಾತ್ರಿ ಹೊತ್ತು ದೂರದಲ್ಲಿ ಹೊತ್ತಿಕೊಳ್ಳುವ ಬೆಳಕಿನ ಬಗ್ಗೆ. ಬೆಳಕು ಹಾಯಿಸಿ ಮೀನನ್ನು ಒಂದೆಡೆ ಸೆಳೆದು ಬಳಿಯುವುದನ್ನೂ, ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿಯೇ ನಿಷೇಧಿಸಿದೆ. ನಿಷೇಧದ ಮಾತು ಬಂದಾಗಲೆಲ್ಲ ಅಜ್ಜಯ್ಯ ಬೆಳಕಿದ್ದ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿ ಸುಮ್ಮನಾಗುತ್ತಿದ್ದರು. ಮುದುಕನೊಬ್ಬ ಕಡಲಿನೊಂದಿಗೆ ನಡೆಸುವ ಹೋರಾಟವೆಂದು ನಾನು ಕಾಗದದ ಮೇಲೆ ಬರೆದುಕೊಂಡು ಹೋದದ್ದರಲ್ಲಿ ಈ ಯಾವುದೂ ಇರಲಿಲ್ಲ; ಹೋರಾಟದ ಮುಕ್ಕಾಲು ಪಾಲು ಇದೇ ಆಗಿತ್ತು.

ಇನ್ನು ರಂಪಣಿಯ ವಿಷಯ. ಅಜ್ಜಯ್ಯ ಇಪ್ಪತ್ತರ ಹರೆಯದಲ್ಲಿ ರಂಪಣಿ ಎಳೆದವರು. ಬಂಗುಡೆಯ ಹಿಂಡು ದಡದ ಹತ್ತಿರ ಬಂದಾಗ ನೀರಿನ ಬಣ್ಣ ನೋಡಿ ಗುರುತಿಸಿ, ಬಹಳ ಉದ್ದದ ಬಲೆಯನ್ನು ದೋಣಿಯಲ್ಲಿ ಸುತ್ತುಹಾಕಿಸಿ, ಎರಡು ತುದಿಗಳನ್ನು ದಡದಲ್ಲಿ ಹತ್ತಾರು ಜನ ಸಾಲಾಗಿ ನಿಂತು ಎಳೆಯುತ್ತಿದ್ದ ಕಾಲ ಅದು. ಬಲೆ ಒಬ್ಬನ ಸೊತ್ತಾಗಿರಲಿಲ್ಲ. ಪಾಲುಗಳಿದ್ದವು, ಬಂದ ಮೀನೂ ಪಾಲಿನಂತೆ ಹಂಚಿಕೆಯಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮುನ್ನವೇ ಹೊರಗೆ ಅದನ್ನು ಸುತ್ತುವರಿಯತೊಡಗಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಅಲ್ಲಲ್ಲಿ ಉಳಿದಿರುವುದು ಅದರ ಸಣ್ಣ ರೂಪವಾದ ಕೈರಂಪಣಿ. ಈ ಕಥೆಯನ್ನು ಅಜ್ಜಯ್ಯ ಹೇಳುವಾಗ ಅವರ ಎರಡೂ ಕೈ ತಾವಾಗಿ ಹಗ್ಗ ಎಳೆಯುತ್ತಿದ್ದವು. ನನಗೆ ಆಸೆಯಾಯಿತು. ಊರಿನ ಹುಡುಗರನ್ನು ಸೇರಿಸಿ, ಎಲ್ಲಿಂದಾದರೂ ಹಳೆಯ ಬಲೆ ತಂದು, ಒಂದು ಬೆಳಗ್ಗೆ ರಂಪಣಿ ಎಳೆಸಿದರೆ ಎಂಥ ದೃಶ್ಯವಾಗುತ್ತದೆ ಎಂದು ಒಂದು ವಾರ ಅದರ ಹಿಂದೆಯೇ ಓಡಾಡಿದೆ.

ತಡೆದದ್ದು ಧ್ವನಿಯ ಹುಡುಗಿ. ಐರ್ಲೆಂಡಿನ ಆರನ್ ದ್ವೀಪಗಳಲ್ಲಿ ರಾಬರ್ಟ್ ಫ್ಲಾಹರ್ಟಿ ಮಾಡಿದ, 1934ರಲ್ಲಿ ತೆರೆಕಂಡ ಚಿತ್ರದ ಬಗ್ಗೆ ಅವಳು ಓದಿಕೊಂಡಿದ್ದಳು. ಅದರಲ್ಲಿ ದ್ವೀಪದವರು ದೋಣಿಯಿಂದ ದೈತ್ಯ ಶಾರ್ಕ್ ಮೀನನ್ನು ಈಟಿ ಎಸೆದು ಬೇಟೆಯಾಡುವ ಭಾಗವಿದೆ. ಆ ಬೇಟೆ ದ್ವೀಪದಲ್ಲಿ ಎಷ್ಟೋ ದಶಕಗಳ ಹಿಂದೆಯೇ ನಿಂತುಹೋಗಿತ್ತು. ಚಿತ್ರಕ್ಕಾಗಿ ಅವರಿಗೆ ಅದನ್ನು ಹೊಸದಾಗಿ ಕಲಿಸಬೇಕಾಯಿತು. ತೆರೆಯ ಮೇಲಿನ ಗಂಡ, ಹೆಂಡತಿ, ಮಗ ನಿಜದಲ್ಲಿ ಒಂದು ಕುಟುಂಬದವರಲ್ಲ. ಬಿರುಗಾಳಿಯ ದೃಶ್ಯಕ್ಕಾಗಿ ದೋಣಿಯವರು ಜೀವವನ್ನೇ ಪಣವಾಗಿಡಬೇಕಾಯಿತು. ನಾನು ಆ ಚಿತ್ರವನ್ನು ಆಗ ನೋಡಿದೆ. ಅಲೆಗಳು ಬಂಡೆಗೆ ಬಡಿಯುವುದನ್ನು ಅದಕ್ಕಿಂತ ಚೆನ್ನಾಗಿ ತೆಗೆದವರನ್ನು ನಾನು ಕಂಡಿಲ್ಲ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ನೋಡಿ ಮುಗಿಸಿದಾಗ ಆ ಜನ ನಿಜವಾಗಿ ಏನು ತಿಂದು, ಯಾರಿಗೆ ಬಾಡಿಗೆ ಕಟ್ಟಿ, ಯಾವ ಮೀನು ಹಿಡಿದು ಬದುಕುತ್ತಿದ್ದರು ಎಂಬುದು ನನಗೆ ತಿಳಿಯಲಿಲ್ಲ. ರಂಪಣಿಯನ್ನು ಮತ್ತೆ ಎಳೆಸುವ ಆಸೆಯನ್ನು ಬಿಟ್ಟೆ. ಅಜ್ಜಯ್ಯನ ಎರಡು ಕೈಗಳು ಗಾಳಿಯಲ್ಲಿ ಹಗ್ಗ ಎಳೆಯುವ ನೋಟವೇ ಚಿತ್ರದಲ್ಲಿದೆ.

2023ರ ಜೂನಿನಲ್ಲಿ ಬಿಪರ್‌ಜಾಯ್ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದು ಗುಜರಾತಿನ ಕಡೆ ಹೋಯಿತು. ನಮ್ಮ ತೀರಕ್ಕೆ ಅದು ಅಪ್ಪಳಿಸದಿದ್ದರೂ ಕಡಲು ದಿನಗಟ್ಟಲೆ ಕುದಿಯಿತು. ಆ ಹೊತ್ತಿಗೆ ಚಿತ್ರಕ್ಕೆ ಸ್ವಲ್ಪ ಹಣ ಕೊಡಲು ಒಂದು ಸಂಸ್ಥೆ ಮುಂದೆ ಬಂದಿತ್ತು. ಅದುವರೆಗಿನ ಭಾಗಗಳನ್ನು ನೋಡಿದ ಅವರು, ಮುದುಕ ದೊಡ್ಡ ಅಲೆಗಳ ನಡುವೆ ದೋಣಿ ಹಾಯಿಸುವ ಒಂದು ದೃಶ್ಯವಾದರೂ ಬೇಕು, ಇಲ್ಲದಿದ್ದರೆ ಇದರಲ್ಲಿ ಹೋರಾಟವೇ ಇಲ್ಲ ಎಂದರು. ನಾನು ಮೂರು ದಿನ ದಡದಲ್ಲಿ ನಿಂತು ಟೆಲಿ ಲೆನ್ಸಿನಲ್ಲಿ ಅಲೆಗಳನ್ನು ತೆಗೆದೆ. ಒಂದರ ಹಿಂದೊಂದು ಗೋಡೆ ಕಟ್ಟಿದಂತೆ ಬರುವ ಅದ್ಭುತ ನೋಟಗಳು. ಒಂದರಲ್ಲೂ ದೋಣಿಯಿಲ್ಲ, ಏಕೆಂದರೆ ಆ ದಿನಗಳಲ್ಲಿ ಒಬ್ಬರೂ ಕಡಲಿಗೆ ಇಳಿಯಲಿಲ್ಲ. ದೋಣಿಗಳನ್ನು ತೆಂಗಿನ ಬುಡಗಳವರೆಗೆ ಎಳೆದು ಕಟ್ಟಿದ್ದರು. ಅಜ್ಜಯ್ಯ ಜಗುಲಿಯಲ್ಲಿ ಬಲೆ ಸರಿಪಡಿಸುತ್ತಿದ್ದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಏಳು ಮಂದಿಯೊಂದಿಗೆ ಕಾಣೆಯಾದ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲಿನ ತಳದಲ್ಲಿ ಪತ್ತೆಯಾಗಿತ್ತು. ಆ ಸುದ್ದಿ ಮುದ್ರಿತವಾದ ಪತ್ರಿಕೆಯನ್ನು ಅವರು ಮಡಚಿ ದೇವರ ಪಟದ ಹಿಂದೆ ಇಟ್ಟಿದ್ದಾರೆ. ಅಂಥ ಮನೆಯಲ್ಲಿ ಕೂತು, ಚಿತ್ರಕ್ಕಾಗಿ ಒಮ್ಮೆ ಅಳಿವೆಯವರೆಗೆ ಹೋಗಿ ಬನ್ನಿ ಎಂದು ಕೇಳಲು ನನ್ನ ಬಾಯಿ ಬರಲಿಲ್ಲ. ಸಂಸ್ಥೆಯವರ ಹಣ ಬರಲಿಲ್ಲ. ಒಂದು ಲೆನ್ಸ್ ಮಾರಿದೆ.

ಸಂಕಲನಕ್ಕೆ ಕೂತದ್ದು ಮಳೆಗಾಲದ ನಡುವೆ. ಎಷ್ಟು ಹೊತ್ತು ನೋಡಿದರೂ ಚಿತ್ರದ ನಡುವೆ ಒಂದು ಗುಂಡಿ ಇತ್ತು: ದೋಣಿ ಅಳಿವೆಯ ಒಳಗಿದೆ, ಮುಂದಿನ ನೋಟದಲ್ಲಿ ಹೊರಗಿದೆ. ಆಗ ಸೆಪ್ಟೆಂಬರಿನ ಆ ದಿನದ ಧ್ವನಿಯನ್ನು ಹುಡುಗಿ ಹಾಕಿ ಕೇಳಿಸಿದಳು. ಎಂಜಿನ್ನಿನ ಅರಚಾಟದ ಕೆಳಗೆ, ಎದೆಗೆ ಹೊಲಿದ ಮೈಕಿನಲ್ಲಿ, ಅಜ್ಜಯ್ಯನ ಮಾತು ಸ್ಪಷ್ಟವಾಗಿತ್ತು. "ಒಂದ್... ಎರಡ್... ಇದ್ ಹ್ವಾಯ್ಲಿ... ಮೂರ್... ತಲಿ ತಗ್ಗ್ಸಿ." ಅವರು ಎಣಿಸುತ್ತಿದ್ದರೆಂದು ದೋಣಿಯಲ್ಲಿ ಎರಡು ಮೊಳ ದೂರ ಕೂತಿದ್ದ ನನಗೆ ಗೊತ್ತೇ ಆಗಿರಲಿಲ್ಲ. ಇಡೀ ದಾಟುವಿಕೆ ಒಂದೂವರೆ ನಿಮಿಷ. ಅವರ ಉಸಿರು ಒಮ್ಮೆ ಮಾತ್ರ ಹಿಡಿದು ನಿಲ್ಲುತ್ತದೆ. ತಡೆಗೋಡೆಯ ಮೇಲಿನಿಂದ ಗೆಳೆಯ ತೆಗೆದಿದ್ದ ನೋಟವನ್ನು ಹುಡುಕಿ ಅದರ ಮೇಲೆ ಈ ಧ್ವನಿಯನ್ನು ಕೂರಿಸಿದೆವು. ಅದು ಬಹಳ ದೂರದ ನೋಟ, ದೋಣಿ ಉಗುರಿನಷ್ಟು. ಒಂದು ಅಲೆಯ ಹಿಂದೆ ಹೋದ ದೋಣಿ 11 ಸೆಕೆಂಡು ಕಾಣುವುದಿಲ್ಲ. ಆ 11 ಸೆಕೆಂಡು ಪರದೆಯ ಮೇಲೆ ನೀರಷ್ಟೇ ಇದೆ, ಕಿವಿಯ ಹತ್ತಿರ ಅಜ್ಜಯ್ಯನ ಉಸಿರಿದೆ. ನಾವು ಅದಕ್ಕೆ ಸಂಗೀತ ಹಾಕಲಿಲ್ಲ.

ಇಷ್ಟು ಎಚ್ಚರ ವಹಿಸಿದವರು ಒಂದು ಕಡೆ ಜಾರಿದೆವು. ನವೆಂಬರಿನ ಒಂದು ದಿನ ಬಲೆ ಬಿಡುವುದನ್ನು ಬಹಳ ಚೆನ್ನಾಗಿ ಚಿತ್ರಿಸಿದ್ದೆ. ಅಂದು ಬಲೆ ಎಳೆದಾಗ ಬಂದದ್ದು ಬೆರಳೆಣಿಕೆಯ ಬಂಗುಡೆ, ಬೆಳಕೂ ಚೆನ್ನಾಗಿರಲಿಲ್ಲ. ಜನವರಿಯ ಇನ್ನೊಂದು ದಿನ ಬಲೆ ತುಂಬ ಬೆಳ್ಳಗೆ ಹೊಳೆಯುವ ಮೀನು ಬಂದಿತ್ತು, ಬಿಸಿಲು ಹದವಾಗಿ ಬಿದ್ದಿತ್ತು. ನವೆಂಬರಿನ ಬಲೆ ಬಿಡುವುದಕ್ಕೆ ಜನವರಿಯ ಬಲೆ ಎಳೆಯುವುದನ್ನು ಜೋಡಿಸಿದೆವು. ಅದೇ ದೋಣಿ, ಅದೇ ಅಂಗಿ, ಅದೇ ಬಲೆ. ಯಾರಿಗೂ ತಿಳಿಯದೆಂದು ಮೂವರೂ ಒಪ್ಪಿದೆವು, ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಚಿತ್ರ 41 ನಿಮಿಷದ್ದಾಯಿತು.

ಸೆಪ್ಟೆಂಬರ್ ಕೊನೆಯಲ್ಲಿ, ಕೊಟ್ಟ ಮಾತಿನಂತೆ, ದೋಣಿ ಕಟ್ಟುವ ಚಪ್ಪರದಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದೆವು. ಅಜ್ಜಯ್ಯ, ಅಮ್ಮಮ್ಮ, ಅಳಿಯನ ಮನೆಯವರು, ನೆರೆಯ ಹತ್ತು ಹನ್ನೆರಡು ಮಂದಿ. ಅಳಿವೆಯ ಭಾಗ ಬಂದಾಗ ಚಪ್ಪರದಲ್ಲಿ ಮಾತು ನಿಂತಿತು. ದೋಣಿ ಮರೆಯಾಗಿ ಮತ್ತೆ ಕಂಡಾಗ ಅಮ್ಮಮ್ಮ ಪಕ್ಕದವರನ್ನು ಮೆಲ್ಲಗೆ ಕೇಳಿದರು, "ಇಷ್ಟ್ ಸಣ್ಣ ಕಾಂತಾ?" ಅವರು ಮದುವೆಯಾಗಿ ಬಂದು 48 ವರ್ಷ, ಗಂಡ ಅಳಿವೆ ದಾಟುವುದನ್ನು ಒಂದು ದಿನವೂ ನಿಂತು ನೋಡಿದವರಲ್ಲವಂತೆ. ಗಂಡ ಹೊರಟ ಕೂಡಲೇ ಒಳಗೆ ಹೋಗಿ ಒಲೆ ಹೊತ್ತಿಸುವುದು ರೂಢಿ.

ಬಲೆ ಎಳೆಯುವ ಭಾಗ ಬಂತು. ಬಂಗುಡೆ ಹೊಳೆದವು, ಮಕ್ಕಳು ಕೂಗಿದರು. ಅಜ್ಜಯ್ಯ ಕೈ ಎತ್ತಿ ನಿಲ್ಲಿಸಲು ಹೇಳಿದರು. "ಬಲಿ ಬಿಟ್ಟದ್ದ್ ತೆಂಕ್ ನೀರಂಗೆ, ಎಳೂದ್ ಬಡ್ಗ್ ನೀರಂಗೆ. ಇದ್ ಒಂದ್ ದಿವ್ಸದ್ದಲ್ಲ." ಹಿಂದಕ್ಕೆ ಹೋಗಿ ನೋಡಿದೆವು. ಬಲೆ ಬಿಡುವಾಗ ಬೆಂಡುಗಳ ಸಾಲು ದಡವನ್ನು ಎಡಕ್ಕಿಟ್ಟುಕೊಂಡು ದಕ್ಷಿಣಕ್ಕೆ ಬಾಗಿತ್ತು, ಎಳೆಯುವಾಗ ಉತ್ತರಕ್ಕೆ. ನೀರು ಒಂದರಲ್ಲಿ ಮಣ್ಣು ಬೆರೆತ ಹಸಿರು, ಇನ್ನೊಂದರಲ್ಲಿ ತಿಳಿ. ಹದಿನಾಲ್ಕು ತಿಂಗಳು ಆ ನೀರಿನ ಮೇಲೆ ಕಣ್ಣಿಟ್ಟಿದ್ದ ನನಗೆ ಅದು ಕಂಡಿರಲಿಲ್ಲ. ಸ್ಟುಡಿಯೊ ತೊಟ್ಟಿಯ ನೀರನ್ನು ಗುರುತಿಸಿದೆನೆಂದು ಹಿಗ್ಗಿದ್ದ ನಾನು ತಲೆ ತಗ್ಗಿಸಿ, ಹೌದು ಅಜ್ಜಯ್ಯ, ಎರಡು ದಿನದ್ದನ್ನು ಸೇರಿಸಿದ್ದೇವೆ ಎಂದೆ. ಅವರು ಬೈಯಲಿಲ್ಲ. ಆ ದಿನ ಬಲೆಯಲ್ಲಿ ಏನು ಬಂದಿತ್ತು ಎಂದು ಕೇಳಿದರು. ಹೇಳಿದೆ. ಹಾಗಾದರೆ ಅದನ್ನೇ ಹಾಕಿ ಎಂದರು.

ಅಕ್ಟೋಬರ್ ಮೊದಲ ವಾರ ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಜನವರಿಯ ಹೊಳೆಯುವ ಮೀನು ಹೋಯಿತು. ಮಬ್ಬು ಬೆಳಕಿನಲ್ಲಿ, ಮಾರುಗಟ್ಟಲೆ ಬರಿಯ ಬಲೆ ದೋಣಿಯೊಳಗೆ ಬರುತ್ತಲೇ ಇರುವ ನವೆಂಬರಿನ ಎಳೆತ ಬಂತು. ಎರಡನೆಯ ಸಲ ತೋರಿಸಲು ಹೋದಾಗ ಚಪ್ಪರ, ಬಟ್ಟೆ ಏನೂ ಇರಲಿಲ್ಲ. ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಜ್ಜಯ್ಯ, ಅಮ್ಮಮ್ಮ, ನಾನು ಮೂವರೇ ನೋಡಿದೆವು. ಆ ಭಾಗ ಮುಗಿದ ಮೇಲೆ ಅಜ್ಜಯ್ಯ ಇನ್ನೊಂದು ಮಾತು ಹೇಳಿದರು. ಅಂದು ಎಷ್ಟು ಎಣ್ಣೆ ಸುಟ್ಟಿತ್ತು, ಎಷ್ಟು ಮೀನು ಬಂದಿತ್ತು ಎಂಬುದನ್ನು ಕೆಳಗೆ ಅಕ್ಷರದಲ್ಲಿ ಬರೆಯಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಅಳಿಯ ತನ್ನ ಲೆಕ್ಕದ ಪುಸ್ತಕ ತಂದು ತಾರೀಖು ಹುಡುಕಿದ. ಬಲೆಯ ಕೊನೆಯ ಬೆಂಡು ದೋಣಿಗೆ ಬಿದ್ದ ನಂತರ ಚಿತ್ರದಲ್ಲಿ ಈಗ ಒಂದು ಸಾಲು ಬರುತ್ತದೆ: ಸೀಮೆಎಣ್ಣೆ 9 ಲೀಟರ್, ಬಂಗುಡೆ 14.